ಎಡಗಡೆಯ ಕಮಾನು

ಆ ಸೋಮವಾರ ದುರ್ಗಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ. ಅವನು ಓಡಿಸುವ ಬಾಡಿಗೆ ಕಾರಿಗೆ ಭಟ್ಕಳಕ್ಕೆ ಹೋಗುವ ಜನ ಸಾಕಷ್ಟು ಸಿಕ್ಕಿರಲಿಲ್ಲ. ಗಂಜಿ ಕೇಳಿದ, ಹೆಂಡತಿ ಸೋಮಿ ಬಡಿಸಿದಳು. ಸುಟ್ಟ ಬಂಗಡೆ ಒಂದಿತ್ತು. ತಲೆಯನ್ನು ಅವಳಿಗೆ ಬಿಟ್ಟು ಉಳಿದದ್ದನ್ನು ತಿಂದ. ಬಂಗಡೆಯ ತಲೆ ಎಂದರೆ ಅವಳಿಗೆ ಪ್ರಾಣ ಎಂದು ಅವನು ಹದಿನಾಲ್ಕು ವರ್ಷದಿಂದ ನಂಬಿಕೊಂಡಿದ್ದ. ಹಾಗೇನಿಲ್ಲ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ.

ಕೈ ತೊಳೆದವನು ಮಲಗಲಿಲ್ಲ. ಹೊನ್ನೆ ಮರದ ನೆರಳಿನಲ್ಲಿ ನಿಲ್ಲಿಸಿದ್ದ ಕಾರಿನ ಹಿಂದೆ ಹೋಗಿ ನಿಂತ. ಶರಾವತಿಯ ಈಚೆ ದಡದ ಕಾಸರಕೋಡಿನಲ್ಲಿ, ಹೊಳೆ ದಾಟಿಸುವ ತಾರಿಯ ಪಕ್ಕದಲ್ಲೇ ಅವರ ಮನೆ. ಕಾರಿನಾಚೆ ಹೊಳೆ, ಹೊಳೆಯಾಚೆ ಹೊನ್ನಾವರ. ಅವನು ಒಂದು ಕಣ್ಣು ಮುಚ್ಚಿ, ಕಾರಿನ ಹಿಂದಿನ ಎರಡು ಮಡ್‌ಗಾರ್ಡುಗಳ ಅಂಚನ್ನು ಆಚೆ ದಡದ ನೀರಿನ ಗೆರೆಗೆ ಹೊಂದಿಸಿ ನೋಡಿದ.

"ಎಡಗಡೆ ಎರಡು ಬೆರಳು ಕುಂತದೆ," ಎಂದ.

"ಯಾರು?" ಎಂದಳು ಸೋಮಿ, ಪಾತ್ರೆ ತಿಕ್ಕುತ್ತ.

"ನಿನ್ನ ಅಪ್ಪ. ಕಾರು ಮಾರಾಯ್ತಿ, ಕಾರು! ಹೋದ ವಾರ ಒಂದೇ ಬೆರಳಿತ್ತು."

ಅವನು ಮಾತಾಡುತ್ತಿದ್ದುದೇ ಕಾರಿನ ವಿಷಯ. ಮನೆಯ ವಿಷಯಕ್ಕೆ ಅವನ ಬಾಯಲ್ಲಿ ನಾಲ್ಕು ಮಾತಿದ್ದವು: ಗಂಜಿ ಅದೆಯಾ, ನೀರು ಕಾದದೆಯಾ, ಆತು, ಸುಮ್ನಿರು. ಒಳ್ಳೆಯ ಗಂಡನೇ ಎಂದು ಯಾರಾದರೂ ಕೇಳಿದರೆ ಸೋಮಿ ತಕ್ಷಣ ಹೌದು ಎನ್ನುತ್ತಿರಲಿಲ್ಲ. ಸಿಟ್ಟು ಬಂದರೆ ತಟ್ಟೆ ಎಸೆಯುತ್ತಿದ್ದ. ಆದರೆ ಕುಡಿಯುತ್ತಿರಲಿಲ್ಲ. ಅವನಪ್ಪ ಮಾಸ್ತಿ ಕುಡಿದೇ ಹೊಳೆಗೆ ಬಿದ್ದು ಸತ್ತವನು. ಅಪ್ಪನ ಹೆಣವನ್ನು ದಡಕ್ಕೆಳೆದ ಕೈ ಕಳ್ಳಿನ ಮಡಕೆ ಮುಟ್ಟುವುದಿಲ್ಲ ಎಂದು ಅವನು ಮದುವೆಗೆ ಮೊದಲೇ ಹೇಳಿದ್ದ. ಆ ಒಂದು ಮಾತನ್ನು ನಡೆಸಿದ.

ಮಾಸ್ತಿ ಜಂಗಲಿನಲ್ಲಿ ಗಳ ಹಾಕುತ್ತಿದ್ದವನು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದರೆ ಜಂಗಲು. ಕಾರು, ಬಸ್ಸು, ಎತ್ತಿನ ಗಾಡಿ ಎಲ್ಲ ಅದರ ಮೇಲೇ ಹೊಳೆ ದಾಟಬೇಕು. ದುರ್ಗಪ್ಪ ಮೀಸೆ ಮೂಡುವ ಮೊದಲೇ ಅಲ್ಲಿ ಹಲಗೆ ಹಿಡಿಯಲು ನಿಂತ. ಕಾರು ಹಲಗೆ ಹತ್ತುವಾಗ ಒಂದು ಗಾಲಿ ಮೇಲೆ, ಒಂದು ಕೆಳಗೆ. ಮೈ ತಿರುಚುತ್ತದೆ. ಕಾರಿನ ಒಳಗಿನ ರೋಗವೆಲ್ಲ ಆಗ ಹೊರಗೆ ಬರುತ್ತದೆ. ಅವನು ಅದನ್ನು ನೋಡಿ ನೋಡಿಯೇ ಕಲಿತ. ಡ್ರೈವಿಂಗ್ ಕಲಿಸಿದ್ದು ಯಾರೋ ಕಂತ್ರಾಟುದಾರನ ಡ್ರೈವರು. ಸವೆದದ್ದು ಯಾವುದು, ಗಟ್ಟಿ ಯಾವುದು ಎಂದು ಹೇಳಲು ಅವನಿಗೆ ಯಾರೂ ಕಲಿಸಲಿಲ್ಲ. ಊರಿಗೆ ಊರೇ ಅವನನ್ನು ಕರೆದು ಕಾರು ತೋರಿಸುತ್ತಿತ್ತು.

ಮಾಬ್ಲ ಶೇಟರ ಕಾರು ಅವನ ಕೈಗೆ ಬಂದು ಒಂಬತ್ತು ವರ್ಷ. ಅಮೇರಿಕೆಯಲ್ಲಿ ಮಾಡಿದ್ದು, ಬಟ್ಟೆಯ ಮಾಡಿನದು, ಶೇಟರು ತರುವಾಗಲೇ ಒಬ್ಬ ದೊರೆ ಓಡಿಸಿ ಬಿಟ್ಟದ್ದು. ಐದು ಜನರಿಗೆಂದು ಮಾಡಿದ ಕಾರಿನಲ್ಲಿ ಶೇಟರು ಒಂಬತ್ತು ಜನರನ್ನು ಕೂರಿಸುತ್ತಿದ್ದರು. ಹಿಂದೆ ಮೀನಿನ ಬುಟ್ಟಿ ಬೇರೆ. ಬುಟ್ಟಿಯ ಉಪ್ಪುನೀರು ಕಮಾನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಯುದ್ಧ ಬಂದು ಪೆಟ್ರೋಲು ಸಿಗದಾದಾಗ ಕಾರಿನ ಹಿಂದೆ ಎಡಗಡೆಗೆ ಇದ್ದಲು ಉರಿಸಿ ಅದರ ಗ್ಯಾಸಿನಿಂದ ಕಾರು ಓಡಿಸುವ ಡ್ರಮ್ಮು ಕಟ್ಟಿದರು. ಅದೊಂದೇ ಎರಡು ಮೂಟೆ ಅಕ್ಕಿಯ ಭಾರ.

ಆ ಭಾರವನ್ನೆಲ್ಲ ಹೊರುವುದು ಗಾಲಿಯ ಮೇಲಿನ ಕಮಾನು. ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು, ಒಂದಕ್ಕೊಂದು ಒತ್ತಿ ಏಳು. ಅದರಲ್ಲಿ ಉದ್ದದ ಪಟ್ಟಿಯೇ ಗಾಲಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದು. ಹಳೆಯದಾದರೆ ಬಿಲ್ಲು ಚಪ್ಪಟೆಯಾಗುತ್ತದೆ. ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಲ್ಲಿಂದ ಕೆಂಪು ಹುಡಿ ಉದುರುತ್ತದೆ, ಮೆಣಸಿನ ಹುಡಿಯ ಹಾಗೆ. ಕಮಾನಿನ ತುದಿಯ ಪಿನ್ನು ಸವೆದರೆ ಗುಂಡಿಯಲ್ಲಿ 'ಟಕ್' ಎನ್ನುತ್ತದೆ. ಪಟ್ಟಿ ಬಿರಿದರೆ 'ಕಿರ್' ಎನ್ನುತ್ತದೆ. ಇದೆಲ್ಲ ಸೋಮಿಗೆ ಬೇಕಾಗಿರಲಿಲ್ಲ. ಕಾರಿಗೆ ನೀರು ಹೊತ್ತು ತಂದು ನಿಂತಾಗ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದು ಕಿವಿಗೆ ಬಿದ್ದು ಉಳಿದದ್ದು.

ಆ ಸೋಮವಾರ ಅವನು ಕಾರಿನ ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಕಿರ್ ಎಂದಿತು. ಬೇಲಿಯಾಚೆಯಿಂದ ನೆರೆಮನೆಯ ಮಾದೇವಿ ಕೂಗಿದಳು.

"ಸೋಮಕ್ಕಾ, ನಿಮ್ಮ ಕಾರಿಗೆ ಹೆರಿಗೆ ನೋವಾ? ಸೂಲಗಿತ್ತಿ ಕರೀಲಾ?"

ಸೋಮಿಗೆ ನಾಚಿಕೆಯಾಯಿತು. ಹದಿನೈದು ದಿನದಿಂದ ಇದೇ ಹಾಸ್ಯ. ತಾರಿಯಲ್ಲಿ ಮೀನು ಮಾರುವ ಹೆಂಗಸರೂ ಕಾರಿನ ಹಾಗೆ ಕಿರುಗುಟ್ಟಿ ತೋರಿಸುತ್ತಿದ್ದರು.

ದುರ್ಗಪ್ಪ ಶೇಟರ ಅಂಗಡಿಗೆ ಹೋದ. ಭಟ್ಕಳದ ಮೊಯ್ದೀನ್ ಮೇಸ್ತ್ರಿ ಹತ್ತಿರ ಕಮಾನು ಬಿಚ್ಚಿಸಿ ನೋಡಬೇಕು, ಎರಡು ದಿನ ಕಾರು ನಿಲ್ಲಿಸಿ ಎಂದು ಕೇಳಿದ. ಶೇಟರು ನಕ್ಕರಂತೆ. ನಾಳೆ ಮಂಗಳವಾರದ ಸಂಕಷ್ಟಿ. ಇಡಗುಂಜಿಗೆ ಜಾತ್ರೆಯಷ್ಟು ಜನ. ಕುಮಟೆಯಿಂದ ಶೇಟರ ಬೀಗರೇ ಬರುವವರಿದ್ದರು. ಸಂಕಷ್ಟಿ ಮುಗಿಯಲಿ, ಬುಧವಾರ ನೀನು ಎಲ್ಲಿಗೆ ಬೇಕಾದರೂ ಒಯ್ಯಿ ಎಂದರು.

ದೀಪ ಹಚ್ಚುವ ಹೊತ್ತಿಗೆ ದುರ್ಗಪ್ಪ ಹೊಳೆಗೆ ಮೀಯಲು ಹೋಗಿದ್ದ. ಆಗ ಶೇಟರು ಬಂದರು. ಅಂಗಳದೊಳಗೆ ಕಾಲಿಡಲಿಲ್ಲ. ಬೇಲಿಯ ಹೊರಗೇ ನಿಂತು ಕರೆದರು.

"ಸೋಮೀ, ನಿನ್ನ ಅಣ್ಣನ ದೋಣಿಗೆ ಹಚ್ಚೂ ತಾರ್ಲೆ ಎಣ್ಣೆ ಮನೇಲಿ ಅದೆಯಲ್ಲ?"

"ಅದೆ ಶೇಟ್ರೇ. ಎಂತಕ್ಕೆ?"

"ಆ ಕಮಾನಿಗೆ ಒಂದಿಷ್ಟು ಹೊಯ್ದು ತಿಕ್ಕು. ಬೀಗರ ಎದುರು ಈ ಕೂಗಾಟ ನಂಗೆ ಬ್ಯಾಡ. ಗ್ರೀಸು ಎಲ್ಲೂ ಸಿಗೂದಿಲ್ಲ ಈಗ."

"ಅವರ ಹತ್ರ ಒಂದ್ ಮಾತು…"

"ಅವ ಬ್ಯಾಡ ಅಂತಾನೆ. ಅವನಿಗೆ ಆ ಸದ್ದೇ ಸಂಗೀತ. ನೀ ಹಚ್ಚು, ಹೇಳಬೇಡ. ಕೂಗು ನಿಂತ್ರೆ ಅವನ ತಲೆನೂ ತಂಪಾಗ್ತದೆ."

ತಾರ್ಲೆ ಮೀನನ್ನು ಬೇಯಿಸಿ ತೆಗೆದ ಎಣ್ಣೆ ಅದು. ಅವಳ ತವರಿನಲ್ಲಿ ಹುಟ್ಟಿದ ಮಗುವಿಗಿಂತ ಹೆಚ್ಚು ಎಣ್ಣೆ ದೋಣಿಗೆ ತಿಕ್ಕುತ್ತಿದ್ದರು. ಎಣ್ಣೆ ಹಚ್ಚಿದ ಮರ ನೀರು ಕುಡಿಯುವುದಿಲ್ಲ, ಬಿರಿಯುವುದಿಲ್ಲ. ಮರಕ್ಕೆ ಒಳ್ಳೆಯದಾದದ್ದು ಕಬ್ಬಿಣಕ್ಕೆ ಕೆಟ್ಟದ್ದು ಹೇಗಾದೀತು? ಅವಳು ಗಡಿಗೆ ತಂದು, ತೆಂಗಿನ ನಾರು ಅದ್ದಿ, ಹಿಂದಿನ ಎಡಗಡೆಯ ಕಮಾನಿಗೆ ತಿಕ್ಕಿದಳು. ಪಟ್ಟಿಪಟ್ಟಿಯ ಸಂದಿಗೆ ಎಣ್ಣೆ ಇಳಿಯುವ ಹಾಗೆ ಹೊಯ್ದಳು. ಕೆಂಪು ಹುಡಿ ಇತ್ತು. ಅದನ್ನೂ ಒರೆಸಿ ತೆಗೆದಳು. ಬಲಗಡೆಗೂ ಹಚ್ಚಿದಳು. ಮೂಲೆ ಒತ್ತಿ ನೋಡಿದಳು. ಸದ್ದಿಲ್ಲ. ಅವಳಿಗೆ ಖುಷಿಯಾಯಿತು. ಇನ್ನು ಮಾದೇವಿ ಬಾಯಿ ಮುಚ್ಚುತ್ತಾಳೆ ಎಂದುಕೊಂಡಳು.

ಊಟಕ್ಕೆ ಕೂತಾಗ ದುರ್ಗಪ್ಪ ಎಂದಿಲ್ಲದ ಹಾಗೆ ಮಾತಾಡಿದ. "ನಾಳೆ ಒಂದಿನ ಹ್ಯಾಗಾದ್ರೂ ದಾಟಿಸ್ತೆ. ಆ ಪಟ್ಟಿ ಬಿರಿದದೆ, ಆದ್ರೆ ಪೂರಾ ಹೋಗಲಿಲ್ಲ. ಕಿರ್ ಅನ್ನೂವರೆಗೆ ಹೆದರಿಕೆ ಇಲ್ಲ. ಸದ್ದು ಬದಲಾತು ಅಂದ್ರೆ ಅಲ್ಲೇ ನಿಲ್ಸಿ ಎಲ್ಲರನ್ನೂ ಇಳಿಸ್ತೆ. ಶೇಟ್ರ ಬೀಗರಾದ್ರೂ ಸೈ, ಬೀಗರ ಬೀಗರಾದ್ರೂ ಸೈ."

ಹೇಳಿ ನಕ್ಕ. ಸೋಮಿಯ ಕೈಯಲ್ಲಿ ಸಾರಿನ ಸೌಟು ಇತ್ತು. ಎಣ್ಣೆ ಹಚ್ಚಿದ್ದೇನೆ ಎನ್ನುವ ಮಾತು ಬಾಯಿಗೆ ಬಂದಿತ್ತು. ಹೇಳಿದರೆ ತಟ್ಟೆ ಹಾರುತ್ತದೆ. ಎಷ್ಟೋ ದಿನದ ಮೇಲೆ ನಗುತ್ತಿದ್ದಾನೆ. ಬೆಳಿಗ್ಗೆ ಹೇಳಿದರಾಯಿತು ಎಂದು ಸಾರು ಬಡಿಸಿದಳು.

ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವುದರೊಳಗೆ ಶೇಟರು ಬೀಗರನ್ನು ಕಾರಿನಲ್ಲಿ ಕೂರಿಸಿ ಆಗಿತ್ತು. ಎಂಟು ಜನ. ಹಿಂದೆ ನಿಂತು ನೀರಿನ ಗೆರೆ ನೋಡಲು, ಮೂಲೆ ಒತ್ತಲು ಹೊತ್ತಿರಲಿಲ್ಲ. ಇದ್ದಲು ಊದಿ ಹೊತ್ತಿಸಿ, ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ಏರಿ ಕೂತ. ಕಾರು ರಸ್ತೆಗೆ ಹತ್ತಿತು. ಸದ್ದಿಲ್ಲ. ಅವನು ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಎಂತಾತು ಇದಕ್ಕೆ? ಇವತ್ತು ಕೂಗೂದೇ ಇಲ್ಲ!"

ಸೋಮಿ ನೀರಿನ ಕೊಡ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಶೇಟರು ನಿಂತಿದ್ದರು.

"ಇಬ್ಬನಿ ಬಿದ್ದಿತ್ತಲ್ಲೋ," ಎಂದರು ಶೇಟರು. "ಒದ್ದೆಯಾಗದೆ."

ಇಬ್ಬನಿ ಬಿದ್ದ ದಿನ ಕಮಾನು ಸದ್ದು ಮಾಡುವುದಿಲ್ಲ. ಅದು ದುರ್ಗಪ್ಪನಿಗೂ ಗೊತ್ತು. ಎರಡು ಮೈಲಿ ಹೋಗಿ ಒಣಗಿದ ಮೇಲೆ ಕೂಗುತ್ತದೆ ಎಂದುಕೊಂಡಿರಬೇಕು. ಮೀನೆಣ್ಣೆಯ ವಾಸನೆ ಬರಲಿಲ್ಲವೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ದಿನಾ ಮೀನು ಹೊರುವ ಕಾರು. ಅದಕ್ಕೆ ಮೀನಿನ ವಾಸನೆಯಲ್ಲದೆ ಮಲ್ಲಿಗೆಯ ವಾಸನೆ ಬಂದೀತೇ? ಅವನು ಸೋಮಿಯನ್ನು ನೋಡಿದ. "ಹೌದನಾ?" ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಕಾರು ಹೋಯಿತು.

ಗುಣವಂತೆ ದಾಟಿ ಮಂಕಿಯ ಕಡೆಗೆ ಇಳಿಯುವಲ್ಲಿ ಮೋರಿ ಇದೆ. ಅಲ್ಲಿ ಕಾರು ತಾನಾಗಿ ಎಡಕ್ಕೆ ತಿರುಗಿ ಮೋರಿಯ ಕೆಳಗೆ ಮಗುಚಿತು. ಬೀಗರಲ್ಲಿ ಇಬ್ಬರ ಕೈ ಮುರಿಯಿತು. ದುರ್ಗಪ್ಪನ ಎದೆಯ ಮೇಲೆ ಕಾರು ಕೂತಿತ್ತು. ಹತ್ತು ಜನ ಸೇರಿ ಎತ್ತುವುದರೊಳಗೆ ಆಗಿಹೋಗಿತ್ತು.

ಹೆಣ ಮನೆಗೆ ಬರುವ ಮೊದಲೇ ಮಾತು ಬಂತು. ಡ್ರೈವರು ಕುಡಿದಿದ್ದ. ಕಣ್ಣು ಕೆಂಪಗಿತ್ತು ಎಂದು ಬೀಗರು ಪೊಲೀಸು ಫೌಜದಾರನಿಗೆ ಹೇಳಿದರು. ಅಪ್ಪನೂ ಕುಡುಕ ಎಂದು ಶೇಟರು ಸೇರಿಸಿದರು. ಪಂಚನಾಮೆಯಲ್ಲಿ ಹಾಗೇ ಬರೆದರು. ಹನ್ನೆರಡನೆಯ ದಿನ ಊಟಕ್ಕೆ ಬಂದವರೂ ಎಲೆಯ ಮುಂದೆ ಕೂತು ಅದನ್ನೇ ಪಿಸುಗುಟ್ಟಿದರು. ಸೋಮಿಯ ಅತ್ತೆ ಈರಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು. ಗಂಡನಿಗೂ ಅದೇ ಹೆಸರು, ಮಗನಿಗೂ ಅದೇ ಹೆಸರು ಬಂತಲ್ಲ ಎಂದು ಅತ್ತಳು.

ಸೋಮಿ ಅಳಲಿಲ್ಲ. ಹದಿಮೂರನೆಯ ದಿನ ಶೇಟರ ತೆಂಗಿನ ಹಿತ್ತಲಿಗೆ ಹೋದಳು. ಕಾರು ಅಲ್ಲಿ ಸೋಗೆಯ ಕೆಳಗೆ ಬಿದ್ದಿತ್ತು. ಜಂಗಲಿನ ಮಂಜ ಜೊತೆಗೆ ಬಂದ. ಅವನು ದುರ್ಗಪ್ಪನಿಂದಲೇ ಡ್ರೈವಿಂಗ್ ಕಲಿತವನು. ಎಡಗಡೆಯ ಕಮಾನಿನ ಉದ್ದ ಪಟ್ಟಿ ತುಂಡಾಗಿ, ಮೊಳದಷ್ಟು ಚೂರು ಪಿನ್ನಿಗೆ ಜೋತುಬಿದ್ದಿತ್ತು. ಮಂಜ ಪಿನ್ನು ಹೊಡೆದು ಚೂರನ್ನು ಬಿಡಿಸಿ ಅವಳ ಕೈಗೆ ಕೊಟ್ಟ.

ಅವಳು ಮುರಿದ ಬಾಯಿಯನ್ನು ಬಿಸಿಲಿಗೆ ಹಿಡಿದಳು. ಒಂದು ಅಂಚಿನಲ್ಲಿ ಬೆರಳಗಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಕಪ್ಪು.

"ಹೊಳೆಯೂದು ಆ ದಿನ ಮುರಿದದ್ದು. ಕಪ್ಪು ಹಳೇದು," ಎಂದ ಮಂಜ. "ಅಣ್ಣ ಕುಡಿದು ಬೀಳಿಸಲಿಲ್ಲ ಅಕ್ಕಾ. ಇದೇ ಸಾಕ್ಷಿ."

"ನಂಗೊತ್ತು. ನೀ ಹೇಳಿದ್ರೆ ಯಾರು ಕೇಳ್ತಾರೆ? ನಾ ಹೇಳಿದ್ರೆ ಯಾರು ಕೇಳ್ತಾರೆ?"

ಅವಳು ಚೂರನ್ನು ಮೀನಿನ ಬುಟ್ಟಿಯಲ್ಲಿಟ್ಟುಕೊಂಡು ಭಟ್ಕಳಕ್ಕೆ ನಡೆದಳು. ಶಿರಾಲಿಯಲ್ಲಿ ಒಬ್ಬರ ಜಗಲಿಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಮೊಯ್ದೀನ್ ಮೇಸ್ತ್ರಿಯ ಕೆಲಸದ ಛಾವಣಿ ಸೇರಿದಳು. ಮೇಸ್ತ್ರಿ ಮುದುಕ. ಊರ ನವಾಯತ ವ್ಯಾಪಾರಿಗಳ ಕಾರುಗಳೆಲ್ಲ ಅವನ ಕೈಯಲ್ಲೇ ರಿಪೇರಿ. ಚೂರನ್ನು ತಿರುಗಿಸಿ ನೋಡಿದ, ಬೆರಳಿನಿಂದ ಒರೆಸಿದ, ಮೂಗಿಗೆ ಹಿಡಿದ.

"ತಂಗೀ, ಇದು ಎರಡು ತಿಂಗಳ ಹಿಂದೆನೇ ಬಿರಿದದ್ದು. ದುರ್ಗಪ್ಪನಿಗೆ ಗೊತ್ತಾಗದೆ ಇರ್ಲಿಕ್ಕಿಲ್ಲ. ಅವನ ಕಿವಿ ನಂಗೊತ್ತು. ನನ್ನ ಛಾವಣಿಲಿ ಅಷ್ಟು ಮಂದಿ ಇದ್ದಾರೆ, ಒಬ್ಬನಿಗೂ ಆ ಕಿವಿ ಇಲ್ಲ. ಆದ್ರೆ ಬಿರುಕಿನ ಒಳಗೆ ಎಣ್ಣೆ ಹೋಗದೆ. ಮೀನೆಣ್ಣೆ. ಎಣ್ಣೆ ಹೋದ್ರೆ ಸದ್ದೂ ಇಲ್ಲ, ಹುಡಿನೂ ಇಲ್ಲ. ಪಟ್ಟಿಗಳು ಒಂದನ್ನೊಂದು ಕಚ್ಚಿ ಹಿಡಿಯೂದೂ ಇಲ್ಲ, ಜಾರ್ತವೆ. ಯಾವ ಹೈವಾನ ಹಚ್ಚಿದ ಇದನ್ನ?"

ಸೋಮಿ ಬುಟ್ಟಿಯನ್ನು ನೋಡಿದಳು.

"ನಾನು."

ಮೇಸ್ತ್ರಿ ಚೂರನ್ನು ಕೆಳಗಿಟ್ಟ. ಯಾರನ್ನೋ ಕರೆದು ಅವಳಿಗೆ ಚಹಾ ತರಿಸಿದ. ಅವಳು ಕುಡಿಯಲಿಲ್ಲ.

"ನಾ ಬಂದು ಪಂಚರ ಮುಂದೆ ಹೇಳ್ತೆ," ಎಂದ ಕೊನೆಗೆ. "ಆದ್ರೆ ಯಾರು ಹಚ್ಚಿದ್ದು ಅಂತ ಕೇಳೇ ಕೇಳ್ತಾರೆ. ಈ ಚೂರು ಇಲ್ಲೇ ಬಿಟ್ಟು ಹೋದ್ರೆ ಯಾರೂ ಕೇಳೂದಿಲ್ಲ. ಯೋಚನೆ ಮಾಡು."

"ಇಪ್ಪತ್ತು ಮೈಲಿ ಯೋಚನೆ ಮಾಡ್ಕಂಡೇ ಬಂದೆ," ಎಂದಳು ಸೋಮಿ. "ಬನ್ರಾ."

ಮುಂದಿನ ಭಾನುವಾರ ಶೇಟರ ಜಗಲಿಯಲ್ಲಿ ಪಟೇಲರೂ ಊರಿನ ಹತ್ತು ಜನರೂ ಸೇರಿದರು. ಮೇಸ್ತ್ರಿ ಚೂರನ್ನು ಕೈಯಿಂದ ಕೈಗೆ ದಾಟಿಸಿದ. ಹಳೆಯ ಕಪ್ಪು, ಹೊಸ ಹೊಳಪು, ಎರಡನ್ನೂ ಬೆರಳಿಟ್ಟು ತೋರಿಸಿದ. ಇಂಥ ಕಮಾನು ಮುರಿದರೆ ಗಾಲಿ ಹಿಂದಕ್ಕೆ ಸರಿಯುತ್ತದೆ, ಕಾರನ್ನು ದೇವರೂ ಹಿಡಿದು ನಿಲ್ಲಿಸಲಾರ ಎಂದ. ಪಟೇಲರು ಚೂರನ್ನು ಮೂಸಿದರು.

"ಎಣ್ಣೆ ಯಾರು ಹಾಕಿದ್ದು?"

ಶೇಟರು ತಾಂಬೂಲದ ತಟ್ಟೆಯಲ್ಲಿ ಅಡಿಕೆ ಆರಿಸುತ್ತಿದ್ದರು. ಸೋಮಿ ಜಗಲಿಯ ಕೆಳಗೆ ನಿಂತಿದ್ದಳು.

"ನಾ ಹಾಕಿದೆ. ಶೇಟ್ರು ಹೇಳಿದ್ರು, ಹಾಕಿದೆ. ಅವರಿಗೆ ಹೇಳಬೇಡ ಅಂದ್ರು, ಹೇಳಲಿಲ್ಲ."

ಶೇಟರು ತಲೆಯೆತ್ತಿದರು. ಸಿಟ್ಟೂ ಇರಲಿಲ್ಲ ಮುಖದಲ್ಲಿ.

"ನಾನಾ? ಕಾರಿನ ಯಜಮಾನ ನಾನು. ನನ್ನ ಕಾರಿಗೆ, ನನ್ನ ಬೀಗರು ಕೂರೂ ಕಾರಿಗೆ, ಮೀನೆಣ್ಣೆ ಹೊಯ್ಯಿ ಅಂತ ನಾ ಹೇಳ್ತೆನಾ? ಯಾರಾದ್ರೂ ಕೇಳಿದ್ದಾರಾ? ಪಾಪ, ಹೆಣ್ಣು ಹೆಂಗಸು. ದೋಣಿ, ಕಾರು ಎರಡೂ ಒಂದೇ ಅಂದ್ಕಂಡಳು."

ಕೇಳಿದವರು ಯಾರೂ ಇರಲಿಲ್ಲ. ಮಾದೇವಿಯೂ ಆ ಸಂಜೆ ಮನೆಯಲ್ಲಿರಲಿಲ್ಲ. ಎಣ್ಣೆಯ ಗಡಿಗೆ ಸೋಮಿಯದು, ಕೈ ಸೋಮಿಯದು. ಪಟೇಲರು ಮೀಸೆ ತಿರುವಿ, ದುರ್ಗಪ್ಪ ಕುಡಿದಿರಲಿಲ್ಲ ಎನ್ನುವುದು ಖರೆ ಎಂದರು. ಹತ್ತು ಜನವೂ ಹೌದೆಂದರು. ಫೌಜದಾರನ ಕಾಗದದಲ್ಲಿ ಮಾತ್ರ ಬರೆದದ್ದು ಬರೆದ ಹಾಗೇ ಉಳಿಯಿತು. ಅದನ್ನು ತಿದ್ದಲು ಕಾರವಾರಕ್ಕೆ ಹೋಗಬೇಕಂತೆ, ಅರ್ಜಿ ಬೇಕಂತೆ. ಯಾರೂ ಹೋಗಲಿಲ್ಲ.

ಅಂದಿನಿಂದ ಊರಿನಲ್ಲಿ ದುರ್ಗಪ್ಪನನ್ನು ಯಾರೂ ಕುಡುಕ ಎನ್ನಲಿಲ್ಲ. ಎಂಥ ಡ್ರೈವರು, ಹೆಂಡತಿ ಕೈಯಲ್ಲಿ ಸತ್ತ ಎಂದರು. ಬಾಯಿ ಚಪ್ಪರಿಸಿ ಹೇಳಿದರು. ಈರಮ್ಮ ಮಗನ ಹೆಸರು ತೊಳೆದು ಬಂತೆಂದು ಇಡಗುಂಜಿ ಗಣಪತಿಗೆ ಕಾಯಿ ಒಡೆಸಿದಳು. ಅದರ ಮರುದಿನದಿಂದ ಸೋಮಿ ಬಡಿಸಿದ್ದನ್ನು ಉಣ್ಣುವುದು ಬಿಟ್ಟಳು. ಒಲೆ ಬೇರೆ ಹೂಡಿದಳು. ಎರಡು ಒಲೆಯ ಹೊಗೆ ಒಂದೇ ಮಾಡಿನ ಕೆಳಗೆ. ಅಣ್ಣ ಎಣ್ಣೆಯ ಗಡಿಗೆಯನ್ನು ಒಯ್ಯಲು ಬಂದವನು ತಂಗಿಯ ಮುಖ ನೋಡದೆ ಒಯ್ದ.

ಶೇಟರ ಹೆಸರಿಗೆ ಏನೂ ಆಗಲಿಲ್ಲ. ಅವರು ಮೋರಿಯ ಹತ್ತಿರ ಒಂದು ಕಲ್ಲು ನೆಡಿಸಿ ಕುಂಕುಮ ಹಚ್ಚಿಸಿದರು. ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಮಳೆಗಾಲದೊಳಗೆ ಕಾರು ರಿಪೇರಿಯಾಗಿ ರಸ್ತೆಗೆ ಬಂತು. ಹೊಸ ಪಟ್ಟಿ ಎಲ್ಲಿ ಸಿಗಬೇಕು, ಯುದ್ಧ ಇನ್ನೂ ಮುಗಿದಿರಲಿಲ್ಲ. ಯಾವುದೋ ಮುರಿದ ಲಾರಿಯ ಪಟ್ಟಿಯನ್ನು ಕಡಿದು, ಕಾಯಿಸಿ, ಬಗ್ಗಿಸಿ ಹಾಕಿದರು. ಓಡಿಸಲು ಮಂಜನನ್ನು ಇಟ್ಟುಕೊಂಡರು. ಮಂಜನಿಗೆ ಹೆಂಡತಿ, ಎರಡು ಹೆಣ್ಣುಮಕ್ಕಳು.

ಮೊದಲ ದಿನವೇ ಮಂಜ ಸೋಮಿಯ ಮನೆಯ ಮುಂದೆ ಕಾರು ನಿಲ್ಲಿಸಿ ಬಾಗಿಲಿಗೆ ಬಂದ. "ಅಕ್ಕಾ, ನಂಗೆ ಅಣ್ಣನ ಕಿವಿ ಇಲ್ಲ. ಒಂದ್ ಸಲ ನೋಡ್ತ್ಯಾ?" ಎಂದ. ಈರಮ್ಮ ತನ್ನ ಒಲೆಯ ಹತ್ತಿರದಿಂದ ಕ್ಯಾಕರಿಸಿ ಉಗಿದಳು. ಸೋಮಿ ಎದ್ದು ಹೋದಳು.

ಅದಾಗಿ ನಾಲ್ಕು ವರ್ಷ. ಯುದ್ಧ ಮುಗಿಯಿತು, ಇಂಗ್ರೇಜಿಯವರು ಹೋದರು, ಇದ್ದಲ ಡ್ರಮ್ಮೂ ಹೋಯಿತು. ಶೇಟರು ಅವಳನ್ನು ಕಂಡರೆ ಕೊಡೆ ಓರೆ ಮಾಡಿಕೊಂಡು ಹೋಗುತ್ತಾರೆ. ಅವಳು ಆ ಕಾರನ್ನು ಒಂದು ದಿನವೂ ಹತ್ತಲಿಲ್ಲ. ಮಂಕಿಗೆ ಮೀನು ಮಾರಲು ಬುಟ್ಟಿ ಹೊತ್ತು ನಡೆದೇ ಹೋಗುತ್ತಾಳೆ. ಮೋರಿಯ ಕಲ್ಲಿಗೆ ಕೈ ಮುಗಿಯುವುದಿಲ್ಲ.

ದಿನಾ ಬೆಳಿಗ್ಗೆ ಮಾತ್ರ, ಕಾರಿನಲ್ಲಿ ಜನ ಕೂರುವ ಮೊದಲು, ಒಂದು ಹಿಡಿ ಒಣ ಬೂದಿ ಮತ್ತು ಹಳೆಯ ಸೀರೆಯ ಚೂರು ಹಿಡಿದು ಹೊರಗೆ ಬರುತ್ತಾಳೆ. ಮಂಜ ಕೆಳಗಿಳಿದು ಬೀಡಿ ಹಚ್ಚುತ್ತಾನೆ. ಅವಳು ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬೂದಿಯಿಂದ ಪಟ್ಟಿಗಳನ್ನು ತಿಕ್ಕಿ ಜಿಡ್ಡು ತೆಗೆಯುತ್ತಾಳೆ. ಆಮೇಲೆ ಹೆಬ್ಬೆರಳಿನ ಉಗುರನ್ನು ಪಟ್ಟಿಯುದ್ದಕ್ಕೂ ಎಳೆಯುತ್ತಾಳೆ. ಉಗುರು ಎಲ್ಲಾದರೂ ಸಿಕ್ಕಿದರೆ ಅಲ್ಲಿ ಮತ್ತೆ ಎಳೆಯುತ್ತಾಳೆ. ಹಿಂದಿನ ಎರಡು, ಮುಂದಿನ ಎರಡು. ನಾಲ್ಕೂ ಮುಗಿದ ಮೇಲೆ ಸೀರೆಯ ಚೂರಿಗೆ ಕೈ ಒರೆಸಿಕೊಂಡು, ಬುಟ್ಟಿಯೆತ್ತಿ ತಾರಿಗೆ ಮೀನು ಕೊಳ್ಳಲು ಹೋಗುತ್ತಾಳೆ.